ಅರಮನೆಯ ಕೊನೆಯ ಬಾಗಿಲು

ಹಿಂದಿನ ಬಾಗಿಲಿಗೆ ಬೀಗ ಬಿದ್ದ ಸದ್ದಿಗೆ ವೆಂಡೆಲೀನ್ ಥಟ್ಟನೆ ತಿರುಗಿ ನೋಡಿದ. ಹಳೆಯ ಅರಮನೆಯಲ್ಲಿರುವ ಈ ಮ್ಯೂಸಿಯಮ್ಮಿನ ಪದ್ಧತಿಯೇ ಹಾಗೆ. ಗೈಡ್ ಒಂದು ಕೋಣೆಯ ಬೀಗ ತೆಗೆದು, ಬಂದವರನ್ನೆಲ್ಲ ಒಳಗೆ ಬಿಟ್ಟುಕೊಂಡು, ಹಿಂದಿನದಕ್ಕೆ ಬೀಗ ಜಡಿಯುತ್ತಾಳೆ. ಒಮ್ಮೆ ಹೊರಟ ಮೇಲೆ ವಾಪಸು ಹೋಗುವ ಮಾತಿಲ್ಲ. ಕೊನೆಯ ಬಾಗಿಲು ತೆರೆಯುವುದು ಅರಮನೆಯ ಪೂರ್ವ ಭಾಗಕ್ಕೆ. ಅಲ್ಲಿರುವುದು ವೃದ್ಧಾಶ್ರಮ.

ಓಟಿಲಿಯಾಗೆ ಅದೆಲ್ಲಿ ಗೊತ್ತು? ಐವತ್ತೆರಡು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು ಮ್ಯೂಸಿಯಂ ತೋರಿಸುತ್ತೇನೆಂದು ನಂಬಿಸಿ ಕರೆತಂದಿದ್ದ. ಬೇರೆ ಏನು ತಾನೇ ಮಾಡಿಯಾನು? ಮರೆವಿನ ಕಾಯಿಲೆ. ಒಲೆ ಆರಿಸುವುದು ಮರೆತು ಅಡುಗೆಮನೆಯ ಪರದೆಗೆ ಬೆಂಕಿ ಹತ್ತಿತ್ತು. ಇನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಆಗದು ಎಂದು ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಆದರೆ ಇಂದು ಯಾವ ಬಸ್ಸಿನಲ್ಲಿ ಬಂದೆವೆಂಬುದು ಗಾಬರಿಯಲ್ಲಿ ನೆನಪಾಗಲಿಲ್ಲ.

ಮರದ ಹಳೆಯ ನೆಲ ಸವೆಯದಿರಲೆಂದು ಎಲ್ಲರೂ ಬೂಟಿನ ಮೇಲೆ ಉಣ್ಣೆಯ ದೊಡ್ಡ ಚಪ್ಪಲಿ ತೊಟ್ಟಿದ್ದರು. ವೆಂಡೆಲೀನ್ ಮಾತ್ರ ಗಡಿಬಿಡಿಯಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದುಬಿಟ್ಟಿದ್ದ. ಗೈಡ್ ರಾದ್ಕಾ ನಗಲಿಲ್ಲ. ಅಳತೆ ಕೇಳದೆಯೇ ಸರಿಯಾದ ಜೋಡಿ ಎತ್ತಿಕೊಟ್ಟಿದ್ದಳು.

"ಇದೇನೋ ವೆಂದಾ?" ಓಟಿಲಿಯಾ ಹಳೆಯ ಗೋಪುರ ಗಡಿಯಾರದ ಮುಂದೆ ನಿಂತಳು.

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನ ಹೆಂಡತಿ ಕೇಳುವ ಪ್ರಶ್ನೆಯೇ ಇದು? ಆದರೂ ಹಲ್ಲಿನ ಚಕ್ರಗಳನ್ನು ಒಂದೊಂದಾಗಿ ತೋರಿಸಿದ. ಲೋಲಕ ತೂಗುವುದನ್ನು ಕೈಯಾಡಿಸಿ ವಿವರಿಸಿದ. ಅವಳು ಗಡಿಯಾರದ ಕಡೆ ನೋಡಲೇ ಇಲ್ಲ, ಅವನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟು ಹೇಳಿದ್ರೇನು, ನಾಳೆಗೆ ಮರ್ತುಬಿಡ್ತೀಯ," ಎಂದ.

"ಮತ್ತೆ ಕೇಳ್ತೀನಿ. ಮತ್ತೆ ಹೇಳು. ನಿನ್ನ ಗಂಟೇನು ಹೋಗುತ್ತೆ?"

ನೀರುನಾಯಿಯ ಗೊಂಬೆ, ಜೀರುಂಡೆಗಳ ಪೆಟ್ಟಿಗೆ, ನೇಕಾರರ ಮಗ್ಗ ದಾಟಿದರು. ಉಳಿದವರು ಮುಂದೆ ಹೋದರು. ರಾದ್ಕಾ ಬೀಗದ ಕೈ ಹಿಡಿದು ಇವರಿಗಾಗಿ ಕಾದಳು.

"ಏನಮ್ಮಾ, ವಾಪಸು ಹೋಗೋಕೆ ಆಗಲ್ವಾ?" ವೆಂಡೆಲೀನ್ ಪಿಸುಗುಟ್ಟಿದ.

"ಇರೋದೊಂದೇ ದಾರಿ ಯಜಮಾನ್ರೇ. ನಿಧಾನವಾಗಿ ಬನ್ನಿ."

ಕೊನೆಯದು ನೃತ್ಯದ ಹಜಾರ. ಮೇಲೆ ಛಾವಣಿಯ ತುಂಬ ಬಣ್ಣದ ದೇವದೂತರು. ಇನ್ನು ತಡೆಯಲಾಗಲಿಲ್ಲ ಅವನಿಗೆ.

"ಓಟಿಲ್ಕಾ, ನಿಂಗೆ ಮೋಸ ಮಾಡ್ದೆ ಕಣೇ. ನಿನ್ನ ಇಲ್ಲಿ ಬಿಟ್ಟು ಹೋಗೋಕೆ ಅಂತ ಕರ್ಕೊಂಡ್ ಬಂದೆ. ನನ್ನ ಕೈಲಿ ಆಗ್ತಿಲ್ಲ."

ಅವಳು ಅವನ ಸ್ವೆಟರಿನ ಗುಂಡಿ ಸರಿಪಡಿಸಿದಳು. "ಗೊತ್ತು. ಇಲ್ಲಿಯವರು ಒಳ್ಳೆಯವರು. ಬಿಸಿಬಿಸಿ ಸೂಪು ಕೊಡ್ತಾರೆ."

"ನನ್ನ ಕ್ಷಮಿಸ್ತೀಯಾ?"

"ನೀನೇ ಹೇಳು ವೆಂದಾ. ಹೀಗೆ ಬಿಟ್ಟು ಹೋಗೋರನ್ನ ಕ್ಷಮಿಸಬಹುದಾ?"

"ಕ್ಷಮಿಸಬೇಕು," ಎಂದ ಅವನು. "ಪಾಪ, ಅವರಾದ್ರೂ ಏನು ಮಾಡ್ತಾರೆ?"

ಅದನ್ನು ಕೇಳಿ ಓಟಿಲಿಯಾ ಅತ್ತಳು. ಅವನು ಅವಳ ಕಣ್ಣೊರೆಸಿದ. ತನ್ನಂಥ ಪಾಪಿ ಈ ಮೊರಾವಿಯಾ ನಾಡಿನಲ್ಲೇ ಇಲ್ಲ ಎನಿಸಿತು.

ರಾದ್ಕಾ ಬಾಗಿಲು ತೆರೆದಳು. ಆಚೆ ಬಿಳಿ ಉಡುಪಿನ ನರ್ಸ್ ನಿಂತಿದ್ದಳು. ಅವಳು ಬಂದು ಮೆಲ್ಲಗೆ ಹಿಡಿದದ್ದು ವೆಂಡೆಲೀನನ ತೋಳನ್ನು.

"ಬನ್ನಿ ವೆಂಡೆಲೀನ್ ಅವರೇ, ನಿಮ್ಮ ಕೋಣೆಗೆ ಹೋಗೋಣ," ಎಂದಳು. ಆಮೇಲೆ ಓಟಿಲಿಯಾಳ ಕಡೆ ತಿರುಗಿದಳು. "ನಿಮಗೆ ಬಸ್ಸಿಗೆ ಹೊತ್ತಾಯ್ತು, ಹೊರಡಿ ಅಮ್ಮಾ, ಮುಂದಿನ ಬುಧವಾರವೂ ಇವರನ್ನ ಮ್ಯೂಸಿಯಂ ಸುತ್ತಿಸೋಕೆ ಬನ್ನಿ. ಎರಡು ವರ್ಷದಿಂದ ಇಲ್ಲಿದ್ದಾರೆ, ಎಲ್ಲಾ ಮರೆತಿದ್ದಾರೆ. ತಾನೇ ನಿಮ್ಮನ್ನ ಇಲ್ಲಿ ಬಿಟ್ಟು ಹೋಗ್ತಿದ್ದೀನಿ ಅಂದ್ಕೊಳ್ಳೋದನ್ನ ಮಾತ್ರ ಒಂದು ವಾರನೂ ಮರೆತಿಲ್ಲ ನೋಡಿ."