ಅಜ್ಜ ಕೊಟ್ಟ ತೀರ್ಥ

ಗೊಬ್ಬರದ ಅಂಗಡಿಯ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಬಲ ಅಂಗೈ ತಾನಾಗಿ ಮುಚ್ಚಿಕೊಳ್ಳುತ್ತದೆ.

ಸೇಡಂನ ಮನೆಯ ಹಿತ್ತಲಲ್ಲಿ ಅಪ್ಪ ಮೊದಲ ಸಲ ಬದನೆ ಹಚ್ಚಿದ್ದರು. ಹುಳ ಬಿದ್ದಿತೆಂದು, ತೊಗರಿ ಹೊಲಕ್ಕೆ ಹೊಡೆಯುವ ಎಣ್ಣೆಯನ್ನೇ, ಅಂದರೆ ಕೀಟನಾಶಕವನ್ನೇ, ತಂದು ಬೆಳಿಗ್ಗೆ ಸಿಂಪಡಿಸಿ ಆಫೀಸಿಗೆ ಹೋದರು. ಪಕ್ಕದಲ್ಲೇ ತುಳಸಿಕಟ್ಟೆಯಿತ್ತು. ತುಳಸಿಗೆ ಮೈಲಿಗೆಯೇ ಇಲ್ಲ ಎನ್ನುತ್ತಿದ್ದ ಅಜ್ಜ ಅದರ ಎಲೆಯನ್ನು ತೊಳೆಯುತ್ತಿರಲಿಲ್ಲ.

ಮಧ್ಯಾಹ್ನ ಪೂಜೆ ಮುಗಿಸಿ, ತಾವು ಮೊದಲು ತೀರ್ಥ ಕುಡಿದು, ತುಳಸಿ ಸಮೇತ ನನ್ನ ಅಂಗೈಗೂ ಹಾಕಿದರು.

“ಅಜ್ಜಾ, ಎಣ್ಣಿ ವಾಸನಿ ಬರ್ಲಿಕತ್ತದ.”

“ತೀರ್ಥಕ್ಕೂ ನಖರಾ ಏನಲೇ? ಕುಡಿ.”

ಅಡುಗೆಮನೆಯಿಂದ ಓಡಿಬಂದ ಅವ್ವ ನನ್ನ ಕೈಗೆ ಹೊಡೆದಳು. ತೀರ್ಥ ನೆಲಕ್ಕೆ ಚೆಲ್ಲಿತು.

“ಮಾವನವರ, ತುಳಸಿ ಮ್ಯಾಲೂ ಎಣ್ಣಿ ಬಿದ್ದದರಿ!”

ಅಜ್ಜ ತೀರ್ಥ ಹಾಕುವ ಉದ್ಧರಣೆಯನ್ನು ಮೂಗಿಗೆ ಹಿಡಿದು ನೋಡಿದರು. “ನಾ ನುಂಗಿಬಿಟ್ಟೀನಲ್ಲವ್ವಾ,” ಎಂದರು.

ಆಟೋ ದವಾಖಾನೆ ಮುಟ್ಟುವವರೆಗೂ ನಾನು ಅವರ ಧೋತರದ ಚುಂಗು ಹಿಡಿದು, ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ. ಸಲೈನ್ ಹಚ್ಚಿದರು. ಅಜ್ಜ ಉಳಿದರು.

ಮನೆಗೆ ಬಂದ ಮೇಲೆ ಅವರು ತುಳಸಿಯನ್ನು ತೊಳೆಯತೊಡಗಿದರು. ಆದರೂ ತಮ್ಮ ತೀರ್ಥ ಕುಡಿದ ಮೇಲೆ ಉದ್ಧರಣೆ ಕೆಳಗಿಟ್ಟು ಸುಮ್ಮನೆ ಕೂರುತ್ತಿದ್ದರು. ನಾನು ಕೈ ಚಾಚಿದರೆ, “ತಡಿಯೋ, ನಾ ಕುಡದು ಇನ್ನೊಂದಿಷ್ಟು ಹೊತ್ತಾಗ್ಲಿ,” ಎನ್ನುತ್ತಿದ್ದರು.