ನೋವು ಹೊರುವ ಶುಕ್ರವಾರ

ಈ ಶುಕ್ರವಾರ ಹುಬ್ಬಳ್ಳಿಯ ಕ್ಯಾನ್ಸರ್ ವಾರ್ಡಿಗೆ ನೋವು ಹೊರಲು ಬಂದವರು ಒಂದು ಪೇಂಟ್ ಕಂಪನಿಯವರು. ನಾಯಕತ್ವದ ತರಬೇತಿಯೂ ಆಗಬೇಕು, ಜೊತೆಗೆ ಪುಣ್ಯವೂ ಬರಬೇಕು. ಐವರ ತಂಡಕ್ಕೆ ಒಬ್ಬ ರೋಗಿ. ನರ್ಸ್ ಐವರ ಮಣಿಕಟ್ಟಿಗೂ ಪಟ್ಟಿ ಕಟ್ಟಿದರೆ ರೋಗಿಯ ನೋವು ಸಂಜೆಯವರೆಗೆ ಪಾಲಾಗಿ ಅವರ ಮೈಗೆ ಹೋಗುತ್ತದೆ.

ಮ್ಯಾನೇಜರ್ ಹೊಸಮನಿಯವರ ತಂಡಕ್ಕೆ ಸಿಕ್ಕಿದ್ದು ಕಾಶವ್ವನ ಮೂಳೆನೋವು. ಪಟ್ಟಿ ಬಿಗಿದದ್ದೇ ತಡ, ಕಾಶವ್ವ ತೋಳೆತ್ತಿ ನೋಡಿದಳು. ಎತ್ತಲು ಬಂತು. ಕೂಡಲೇ ಮಗಳು ಪೂರ್ಣಿಮಾಳನ್ನು ಮುಂದೆ ಕೂರಿಸಿಕೊಂಡು ಬಾಚಣಿಗೆ ಹಿಡಿದಳು.

“ಎಷ್ಟ್ ಸಿಕ್ಕ ಮಾಡ್ಕೊಂಡೀ ನೋಡು,” ಎಂದು ಬೈಯುವಾಗಲೂ ಅವಳ ದನಿಯಲ್ಲಿ ಹಬ್ಬವಿತ್ತು.

ಸ್ವಲ್ಪ ಹೊತ್ತಿಗೆ ತಂಡದಲ್ಲೊಬ್ಬ ತಡೆಯಲಾರದೆ ಪಟ್ಟಿ ಬಿಚ್ಚಿದ. ಅವನ ಪಾಲು ಉಳಿದವರ ಮೇಲೆ ಬಿತ್ತು. ಹಾಗೆ ಒಬ್ಬೊಬ್ಬರೇ ಬಿಚ್ಚಿ, ಕೊನೆಗೆ ಹೊಸಮನಿಯವರೊಬ್ಬರೇ ಉಳಿದರು. ಮಂಚದ ಸರಳು ಹಿಡಿದು, ಬೆವೆತು, ತುಟಿ ಕಚ್ಚಿ ನಿಂತಿದ್ದರು.

ಕಾಶವ್ವ ತಲೆಯೆತ್ತಿದಳು. ಆ ಮುಖ ಅವಳು ದಿನವೂ ಕನ್ನಡಿಯಲ್ಲಿ ಕಂಡದ್ದೇ. ಜಡೆ ಇನ್ನೂ ಅರ್ಧವಾಗಿತ್ತು.

“ಬಿಚ್ರಿ ಸಾಹೇಬ್ರ. ನನಗ ರೂಢಿ ಐತಿ.”

“ಜಡಿ ಮುಗೀಲಿ, ಅಕ್ಕಾರ.”

“ಸಾಕ್ರಿ. ನಿಮ್ಮ ಹಡೆದವ್ವ ಈ ಮಾರಿ ನೋಡಿದ್ರ ಕರುಳು ಚುರ್ ಅಂದೀತು.”

ಅವಳೇ ಅವರ ಪಟ್ಟಿ ಬಿಚ್ಚಿದಳು. ನೋವು ಮರಳಿ ಬಂತು. ಅವಳ ಎರಡೂ ಕೈ ಮಡಿಲಿಗೆ ಬಿದ್ದವು.

ತರಬೇತಿಯ ಮೇಡಂ ಚಪ್ಪಾಳೆ ತಟ್ಟಿ ಹೊಸಮನಿಯವರ ಕೊರಳಿಗೆ ಪದಕ ಹಾಕಿದರು. ಫೋಟೋಗೆ ಎಲ್ಲರೂ ಮಂಚದ ಸುತ್ತ ನಿಂತರು. ಪೂರ್ಣಿಮಾ ಅರ್ಧ ಜಡೆ ಬಿಚ್ಚಿಹೋಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೇಳಿದಳು:

“ಯವ್ವಾ, ಮುಂದಿನ ಕಂಪನಿ ಯಾವಾಗ ಬರತೈತಿ?”