ಹಬೆಯಲ್ಲಿ ಬಲಗಾಲು

ಗುಂಡಿ ಒತ್ತಿದಳು. ನೆಲ ಒರೆಸುವ ಸ್ಟೀಮ್ ಮಾಪ್ ಬುಸ್ಸೆಂದಿತು. ಹಬೆ ಹರಡಿ ಟೈಲ್ಸ್ ಮಸುಕಾಯಿತು. ಆ ಮಸುಕಿನ ನಡುವೆ ಪುಟ್ಟ ಪಾದವೊಂದು ಮೂಡಿತು. ಅದರ ಮುಂದೆ ಇನ್ನೊಂದು. ಮತ್ತೊಂದು. ಎಲ್ಲವೂ ಬಲಗಾಲು.

ನಿನ್ನೆ ಇದೇ ಜಾಗವನ್ನು ತಿಕ್ಕಿ ತಿಕ್ಕಿ ಒರೆಸಿದ್ದಳು. ಮೊನ್ನೆಯೂ ಅಷ್ಟೇ. ಒರೆಸಿದರೆ ಹೋಗುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ಬೆಳಗಾದರೆ ಮತ್ತೆ ಹಾಜರು.

ಮಾಪ್ ತಂದುಕೊಟ್ಟವಳು ಗಂಡನ ಅಕ್ಕ. ಮಗು ಹೋದ ಮೇಲೆ ತಮ್ಮನ ಹೆಂಡತಿ ಮೂಲೆ ಹಿಡಿದು ಕೂತದ್ದನ್ನು ನೋಡಲಾರದೆ, ಕೈಗೊಂದು ಕೆಲಸವಾದರೂ ಇರಲಿ ಎಂದು ತಂದಿದ್ದಳು. "ಸೋಪು ಬೇಡ, ಫಿನಾಯಿಲ್ ಬೇಡ, ಬರೀ ನೀರು ಕಣೇ. ಸಂದಿಯಲ್ಲಿರೋ ನಿಮ್ಮ ಮದುವೆ ಕಾಲದ ಕೊಳೆನೂ ಕಿತ್ಕೊಂಡು ಬರತ್ತೆ. ಒಂದು ಗುರುತೂ ಉಳಿಯಲ್ಲ, ನೋಡ್ತಿರು!" ಎಂದು ಅಂಗಡಿಯವರನ್ನೇ ಮೀರಿಸಿ ಹೊಗಳಿದ್ದಳು.

ಹೇಳಿದ್ದು ಸುಳ್ಳಾಗಲಿಲ್ಲ. ಮೊದಲ ದಿನವೇ ನೆಲ ಫಳಫಳ ಎಂದಿತು, ಮಾಪಿನ ಬಟ್ಟೆ ಕಪ್ಪಾಯಿತು. ಆ ಬಟ್ಟೆ ಹಿಡಿದುಕೊಂಡೇ ಅವಳು ಗಂಡನೆದುರು ಗೊಳೋ ಎಂದು ಅತ್ತಳು. "ಅವನು ಓಡಾಡಿದ ನೆಲ ರೀ ಇದು. ಎಲ್ಲ ಒರೆಸಿ ಹಾಕ್ಬಿಟ್ಟೆ. ಅವನದ್ದು ಒಂದು ಹೆಜ್ಜೆನೂ ಉಳಿಸಲಿಲ್ಲ ನಾನು."

ಗಂಡ ಆ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಅವನದು ಮೊದಲಿನಿಂದಲೂ ಮಾತು ಕಡಿಮೆ. ಮದುವೆಗೂ ಮುಂಚೆ ಕಾರ್ಖಾನೆಯ ಪ್ರೆಸ್ ಅವನ ಎಡ ಮುಂಗೈ ತಿಂದುಹಾಕಿದಾಗಲೂ ಹೆಚ್ಚು ಕೂಗಾಡಲಿಲ್ಲವಂತೆ. ಈಗ ಅಲ್ಲೇ ಉಗ್ರಾಣ ನೋಡಿಕೊಳ್ಳುತ್ತಿದ್ದ. ಮಗು ಇದ್ದಾಗ ಮಾತ್ರ ಅವನ ನಗು ಕೇಳಿಸುತ್ತಿತ್ತು, ಸ್ನಾನದ ಮನೆಯ ಹಬೆ ಕೂತ ಕನ್ನಡಿಯ ಮೇಲೆ ಅಪ್ಪ ಮಗ ಸೇರಿ ಏನೇನೋ ಗೀಚುವಾಗ. ಈಗ ದಿನಾ ಅವಳಿಗಿಂತ ಮೊದಲೇ ಎದ್ದು, ಅಂಗಿ ತೊಟ್ಟು, ಗುಂಡಿ ಹಾಕಿಸಿಕೊಳ್ಳಲು ಅವಳ ದಾರಿ ಕಾಯುತ್ತ ಸುಮ್ಮನೆ ಕೂತಿರುತ್ತಿದ್ದ.

ಅವಳು ಅತ್ತ ಆ ವಾರವೇ ಪಾದಗಳು ಶುರುವಾದವು. ಹಬೆಯ ಜೊತೆ ಮಗುವಿನ ಮೈಗೆ ಹಚ್ಚುತ್ತಿದ್ದ ಎಣ್ಣೆಯ ವಾಸನೆಯೂ ಏಳುತ್ತಿತ್ತು.

ಬಲಗಾಲು ಮಾತ್ರ ಏಕೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಅಂದು ಮಗುವಿಗೆ ಶೂ ಹಾಕುತ್ತಿದ್ದಳು. ಎಡಗಾಲಿಗೆ ಹಾಕಿ ಆಗಿತ್ತು. ಅಷ್ಟರಲ್ಲಿ ಗೆಳತಿಯ ಫೋನ್ ಬಂತು. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಹರಟೆ ಮುಗಿಸಿ ಬಂದಾಗ ಮಗು ಮೆಟ್ಟಿಲ ಬುಡದಲ್ಲಿ ಬಿದ್ದಿತ್ತು. ಅವಳು ಮೊದಲು ಮಾಡಿದ್ದು ಆ ಎಡಗಾಲಿನ ಶೂ ಬಿಚ್ಚಿ ಸೆರಗಿನಲ್ಲಿ ಮುಚ್ಚಿಟ್ಟದ್ದು. ಆಮೇಲೆ ಕೂಗಿದ್ದು. "ಮಲಗಿಸಿದ್ದೆ, ಯಾವಾಗ ಎದ್ದು ಹೋದನೋ" ಎಂದಳು. ಗಂಡನೂ ನಂಬಿದ, ಊರೂ ನಂಬಿತು.

ಒಂದು ಕಾಲಿನಲ್ಲಿ ಶೂ ಇತ್ತೆಂದು ಈ ಜಗತ್ತಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಅವಳು. ಇನ್ನೊಬ್ಬ ಈಗ ದಿನಾ ಮನೆಗೆ ಬರುತ್ತಿದ್ದ, ಹೋದ ದಿನ ಹೇಗಿದ್ದನೋ ಹಾಗೆಯೇ.

ಗಂಡನಿಗೆ ಅನುಮಾನ ಬಂದಿದೆ ಎಂಬ ಭಯ ಬೇರೆ. ಸಂಜೆ ಬಂದವನೇ ಕೇಳುತ್ತಿದ್ದ, "ನೆಲ ಒರೆಸಿದ್ಯಾ?"

"ಹೂಂ."

"ಏನೂ ಕಾಣಲಿಲ್ವಾ?"

ಅವಳು ಒಲೆಯ ಕಡೆ ತಿರುಗಿಬಿಡುತ್ತಿದ್ದಳು. "ನೆಲದಲ್ಲಿ ಇನ್ನೇನು ಕಾಣತ್ತೆ ರೀ?"

ಅವನ ಮುಖ ಸಪ್ಪಗಾಗುತ್ತಿತ್ತು. ಮರುದಿನ ಪಾದಗಳು ಇನ್ನಷ್ಟು ದಟ್ಟ, ಇನ್ನಷ್ಟು ಹತ್ತಿರ. ಸುಳ್ಳು ಹೇಳಿದಷ್ಟೂ ಮಗು ಇನ್ನಷ್ಟು ಒಳಗೆ ಬರುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು.

ಇಂದು ಅವು ಅಡುಗೆಮನೆ ದಾಟಿ, ಮಲಗುವ ಕೋಣೆ ಹೊಕ್ಕು, ಮಂಚದ ಪಕ್ಕ, ಅವಳು ಮಲಗುವ ಬದಿಗೇ ಬಂದು ನಿಂತಿದ್ದವು. ಬೆರಳುಗಳು ಅವಳ ದಿಂಬಿನ ಕಡೆಗೆ. ಮಾಪ್ ಕೈಯಿಂದ ಜಾರಿತು. ಸಂಜೆಯವರೆಗೂ ಅವಳು ಕಾಲು ನೆಲಕ್ಕಿಡದೆ ಮಂಚದ ಮೇಲೆ ಮುದುಡಿ ಕೂತಳು.

ಗಂಡ ಚೀಲ ಹೆಗಲಿಂದ ಇಳಿಸುವ ಮೊದಲೇ ಕೇಳಿದ, "ಇವತ್ತಾದ್ರೂ ಏನಾದ್ರೂ..."

"ಕಂಡಿತು ರೀ! ದಿನಾ ಕಾಣತ್ತೆ!" ಅವಳು ಬಿಕ್ಕಿದಳು. "ಬರೀ ಬಲಗಾಲು. ಯಾಕೆ ಗೊತ್ತಾ? ಎಡಗಾಲಿಗೆ ಶೂ ಇತ್ತು. ಅವನು ಮಲಗಿರಲೇ ಇಲ್ಲ. ನಾನು ಫೋನಲ್ಲಿ ನಗ್ತಾ ಕೂತಿದ್ದೆ. ಚಿಲಕ ಹಾಕಿರಲಿಲ್ಲ. ಶೂ ನಾನೇ ಬಿಚ್ಚಿ ಬಚ್ಚಿಟ್ಟೆ. ನಿಮಗೆ ತೋರಿಸೋಕೆ ಅಂತಲೇ ಬರ್ತಿದಾನೆ ರೀ ನನ್ನ ಕಂದ..."

ಗಂಡ ಚೀಲದಿಂದ ಮಗುವಿನ ಎಣ್ಣೆ ಬಾಟಲಿ ತೆಗೆದ. ಹಲ್ಲಿನಿಂದ ಮುಚ್ಚಳ ತಿರುವಿ, ಮೊಣಕಾಲೂರಿ, ನೆಲದ ಮೇಲೆ ನಾಲ್ಕು ಹನಿ ಚೆಲ್ಲಿದ. ಬಿಗಿಹಿಡಿದ ಬಲ ಮುಷ್ಟಿಯ ಅಂಚನ್ನು ಅದರಲ್ಲಿ ಅದ್ದಿ ಪಕ್ಕದ ಟೈಲಿನ ಮೇಲೆ ಒತ್ತಿದ. ಮೇಲೆ ಬೆರಳ ತುದಿಯಿಂದ ಐದು ಚುಕ್ಕಿ ಇಟ್ಟ. ಪುಟ್ಟ ಬಲಗಾಲು.

"ಒಂದು ಹೆಜ್ಜೆನೂ ಉಳೀಲಿಲ್ಲ ಅಂತ ಅಳ್ತಿದ್ಯಲ್ಲ, ನಿನಗೆ ಸಮಾಧಾನ ಆಗ್ಲಿ ಅಂತ..." ಅವನು ಮೊಂಡು ಎಡತೋಳು ಎತ್ತಿದ. "ಎಡಗಾಲು ಮಾಡೋಕೆ ನನಗೆ ಕೈ ಎಲ್ಲಿದೆ?"